ಚುಕ್ಕೆಯಿಲ್ಲದ ಹಕ್ಕಿ

ಇಪ್ಪತ್ತೆರಡು ವರ್ಷ ಫೋಟೋ ತೆಗೆದರೂ ಸ್ಟುಡಿಯೋದವನ ಹೆಸರು ಒಂದೇ ಒಂದು ಫೋಟೋದ ಕೆಳಗೂ ಇರಲಿಲ್ಲ. ಪಾಸ್‌ಪೋರ್ಟ್ ಸೈಜಿನ ಚಿತ್ರದ ಕೆಳಗೆ ಹೆಸರು ಬರೆಯುವಷ್ಟು ಜಾಗವಾದರೂ ಎಲ್ಲಿದೆ? ಬೀದಿಯವರು ಅವನನ್ನು ಕರೆಯುತ್ತಿದ್ದದ್ದು ‘ಗದ್ದ ಎತ್ತಿ’ ಎಂದು. ದಿನಕ್ಕೆ ಮೂವತ್ತು ಸಲ ಅವನ ಬಾಯಿಂದ ಬರುತ್ತಿದ್ದ ಮಾತು ಅದೊಂದೇ.

ಆ ಬೆಳಿಗ್ಗೆ ಸ್ಟುಡಿಯೋದ ಹಿಂಬಾಗಿಲು ತೆರೆದರೆ ನಲ್ಲಿಯ ಮೇಲೊಂದು ಹಕ್ಕಿ ಕೂತಿತ್ತು. ಗದ್ದ ಎತ್ತಿಕೊಂಡೇ ಕೂತಿತ್ತು. ಹೇಳಿಸಿಕೊಳ್ಳದೆ ಸರಿಯಾಗಿ ಕೂತ ಗಿರಾಕಿಯನ್ನು ಅವನು ಕಂಡದ್ದು ಅದೇ ಮೊದಲು. ಮೂರು ಫೋಟೋ ತೆಗೆದ. ಮುಂದುಗಡೆ ನಾಲ್ಕು ಜನ ಗಡಿಯಾರ ನೋಡುತ್ತಾ ಕಾಯುತ್ತಿದ್ದರು. ಅವಸರದಲ್ಲಿ ಅವರ ನಾಲ್ಕು ಮುಖಗಳ ಜೊತೆ ಹಕ್ಕಿಯನ್ನೂ ಕಂಪ್ಯೂಟರಿಗೆ ಹಾಕಿ, ಎಲ್ಲವನ್ನೂ ಒಂದೇ ಕೈಯಲ್ಲಿ ಮುಗಿಸಿ ಪ್ರಿಂಟ್ ತೆಗೆದ.

ಪಕ್ಕದಂಗಡಿಯ ದರ್ಜಿ ಕೊರಳಿಗೆ ಟೇಪು ನೇತುಹಾಕಿಕೊಂಡು ಬಂದು ಪ್ರಿಂಟಿಗೆ ಮೂಗು ತಾಗಿಸಿದ.

“ಇದು ನನ್ನಂಗಡಿ ಮುಂದಿನ ತಂತಿ ಮೇಲೆ ಕೂತು, ಇಸ್ತ್ರಿ ಮಾಡಿದ ಬಟ್ಟೆ ಮೇಲೆ ಹೇತು ಹೋಗೋ ಹಕ್ಕಿ ಕಣೋ.”

“ಅದಕ್ಕೆ ಎದೆ ತುಂಬ ಚುಕ್ಕೆ. ಇದಕ್ಕೆಲ್ಲಿದೆ, ತೋರ್ಸು. ನಿನ್ನ ಕಣ್ಣು ಎಂಥದ್ದು ಅಂತ ನೀನು ಹೊಲಿದ ಪ್ಯಾಂಟು ಹಾಕ್ಕೊಂಡೋರಿಗೆಲ್ಲ ಗೊತ್ತು.”

ಬುತ್ತಿ ತಂದ ಹೆಂಡತಿಯೂ ಸುಮ್ಮನಿರಲಿಲ್ಲ. “ರೀ, ಮೊನ್ನೆ ನೀವು ತೆಗೆದ ನನ್ನ ಫೋಟೋ ನೋಡಿ ನಮ್ಮಮ್ಮ ‘ಇವಳ್ಯಾರೇ’ ಅಂದ್ರು. ಇನ್ನು ಹಕ್ಕಿ ಗುರುತು ಹಿಡಿಯೋಕೆ ಹೊರಟ್ರಾ?”

“ನಿಮ್ಮಮ್ಮನ ಕಣ್ಣಿಗೆ ಪೊರೆ ಬಂದಿರ್ಬೇಕು,” ಎಂದು ಅವನು ಬುತ್ತಿಯನ್ನೂ ಮುಟ್ಟದೆ, ಅಂಗಡಿಗೆ ಬೀಗ ಜಡಿದು, ಪ್ರಿಂಟ್ ಕೈಯಲ್ಲಿ ಹಿಡಿದು, ಕ್ಯಾಮೆರಾ ಹೆಗಲಿಗೇರಿಸಿ ಹೊರಟ.

ಹೋದದ್ದು ಶಾಲೆಯಲ್ಲಿ ತನಗೆ ಪಾಠ ಹೇಳಿದ್ದ ಮೇಷ್ಟ್ರ ಮನೆಗೆ. ಅವರೀಗ ಪಕ್ಷಿವೀಕ್ಷಕರ ಸಂಘದ ಅಧ್ಯಕ್ಷರು. ಎಡಗೆನ್ನೆಯ ಮೇಲೆ ಕಡಲೆಕಾಳಿನಷ್ಟು ದಪ್ಪನೆಯ ಮಚ್ಚೆ. ಯೋಚನೆಗೆ ಬಿದ್ದರೆ ಬೆರಳು ಅಲ್ಲಿಗೇ ಹೋಗುತ್ತಿತ್ತು. ದಿಂಬಿನಂಥ ಪುಸ್ತಕ ತೆರೆದು ಅವರು ಪುಟ ಮಗುಚುತ್ತಲೇ ಹೋದರು.

“ಚುಕ್ಕೆ ಇದ್ದಿದ್ರೆ ತಂತಿ ಹಕ್ಕಿ ಅಂದುಬಿಡ್ತಿದ್ದೆ.”

“ಇಲ್ವಲ್ಲ, ಮೇಷ್ಟ್ರೇ.”

“ಕಣ್ಣಿನ ಕೆಳಗೆ ಕಪ್ಪು? ರೆಕ್ಕೆ ಮೇಲೆ ಪಟ್ಟೆ?”

“ಭೂತಗನ್ನಡಿ ಇಟ್ಟು ಹುಡುಕಿ. ಒಂದೂ ಇಲ್ಲ.”

ಮೇಷ್ಟ್ರು ಪುಸ್ತಕ ಮುಚ್ಚಿದರು. “ಇದು ಪುಸ್ತಕದಲ್ಲೇ ಇಲ್ಲದ ಹಕ್ಕಿ ಕಣಯ್ಯಾ. ಸಂಜೆ ಗ್ರಂಥಾಲಯದಲ್ಲಿ ನಮ್ಮ ಸಭೆ ಇದೆ. ಅಲ್ಲೇ ಗೋಡೆಗೆ ಹಾಕೋಣ. ಕೆಳಗೆ ನಿನ್ನ ಹೆಸರು.”

ಹೆಸರು ಎಂದದ್ದೇ ಸ್ಟುಡಿಯೋದವನು ಅದನ್ನು ದೊಡ್ಡಕ್ಷರದಲ್ಲಿ ಬರೆದುಕೊಟ್ಟ. ಸಂಘದ ಗುರುತಿನ ಚೀಟಿಗೆ ತಮ್ಮದೂ ಒಂದು ಫೋಟೋ ಬೇಕು ಎಂದರು ಮೇಷ್ಟ್ರು. ಅವರನ್ನು ಗೋಡೆಗೆ ನಿಲ್ಲಿಸಿ, ಗದ್ದ ಎತ್ತಿಸಿ, ಕ್ಲಿಕ್ಕಿಸಿಕೊಂಡು ಅಂಗಡಿಗೆ ಓಡಿದ.

ಸಂಜೆ ಗ್ರಂಥಾಲಯದಲ್ಲಿ ಕುರ್ಚಿ ಸಾಲದೆ ಜನ ನಿಂತಿದ್ದರು. ಸ್ಟುಡಿಯೋದವನು ಗಿರಾಕಿಗಳಿಗೆಂದು ಇಟ್ಟಿದ್ದ ಕಪ್ಪು ಕೋಟನ್ನೇ ತೊಟ್ಟು, ಕ್ಯಾಮೆರಾ ಹೆಗಲಿಗೇರಿಸಿಕೊಂಡೇ ಬಂದಿದ್ದ. ಅಲ್ಲಿದ್ದ ಅರ್ಧ ಜನ ಒಂದಲ್ಲ ಒಂದು ಅರ್ಜಿಗೆ ತೊಟ್ಟಿದ್ದ ಕೋಟು ಅದು. ಗೋಡೆಯ ಮೇಲೆ ಆಳೆತ್ತರದ ಹಕ್ಕಿ, ಕೆಳಗೆ ಚೀಟಿ, ಚೀಟಿಯಲ್ಲಿ ಅವನ ಹೆಸರು.

“ತಂತಿ ಹಕ್ಕಿ,” ಎಂದ ದರ್ಜಿ, ಎದ್ದು ನಿಂತು.

“ಒಂದು ಚುಕ್ಕೆ ತೋರ್ಸು. ತೋರ್ಸಿದ್ರೆ ಆ ಚೀಟಿ ನಾನೇ ಕೀಳ್ತೀನಿ.”

ದರ್ಜಿ ಗೋಡೆಯ ಬಳಿ ಹೋಗಿ ಹಕ್ಕಿಯ ಎದೆಯನ್ನು ಬಟ್ಟೆ ಸವರಿದಂತೆ ಮೇಲಿಂದ ಕೆಳಗೆ ಸವರಿದ. ಏನೂ ಸಿಗದೆ ಬಂದು ಕೂತ. ಚಪ್ಪಾಳೆ ಬಿತ್ತು. ಅದು ನಿಲ್ಲುವ ಮೊದಲೇ ಸ್ಟುಡಿಯೋದವನು ಕೋಟಿನೊಳಗಿಂದ ಲಕೋಟೆ ತೆಗೆದು, ಎಲ್ಲರಿಗೂ ಕಾಣುವಂತೆ ಮೇಷ್ಟ್ರ ಕೈಗಿತ್ತ. “ನಿಮ್ಮ ಫೋಟೋ, ಮೇಷ್ಟ್ರೇ. ಹೇಳಿದ ದಿನವೇ ಕೊಡೋದು ನಮ್ಮ ಪದ್ಧತಿ.”

ಮೇಷ್ಟ್ರು ನೋಡಿದರು. ಬೆರಳು ಎಡಗೆನ್ನೆಗೆ ಹೋಯಿತು. ಮತ್ತೆ ಫೋಟೋ ನೋಡಿದರು.

“ನನ್ನ ಮಚ್ಚೆ ಎಲ್ಲಯ್ಯಾ?”

“ತೆಗ್ದಿದ್ದೀನಿ. ಕಲೆ, ಚುಕ್ಕೆ, ಕಣ್ಣಿನ ಕೆಳಗಿನ ಕಪ್ಪು, ಯಾರದ್ದೂ ಬಿಡಲ್ಲ. ಕೈ ತಾನಾಗೇ ಓಡುತ್ತೆ.”

ಮೇಷ್ಟ್ರು ತಿರುಗಿ ಗೋಡೆಯ ಹಕ್ಕಿಯನ್ನು ನೋಡಿದರು. “ಯಾರದ್ದೂ?”

ಸ್ಟುಡಿಯೋದವನೂ ಹಕ್ಕಿಯತ್ತ ತಿರುಗಿದ.

“ಕ್ಯಾಮೆರಾ ತೆಗಿ,” ಎಂದರು ಮೇಷ್ಟ್ರು.

ಕ್ಯಾಮೆರಾದ ಪುಟ್ಟ ಪರದೆಯಲ್ಲಿ, ಕಂಪ್ಯೂಟರ್ ಕಾಣದ ಮೊದಲಿನ ಹಕ್ಕಿ ಗದ್ದ ಎತ್ತಿ ಕೂತಿತ್ತು. ದರ್ಜಿ ಅದರ ಎದೆಯ ಚುಕ್ಕೆಗಳನ್ನು ಗುಂಡಿ ಎಣಿಸುವಂತೆ ಗಟ್ಟಿಯಾಗಿ ಎಣಿಸಿದ. ಸಭೆ ನಕ್ಕಿತು; ಹಿಂದಿನ ಸಾಲಿನಲ್ಲಿ ಹೆಂಡತಿಯೂ ನಕ್ಕಳು.

ಸ್ಟುಡಿಯೋದವನು ತಲೆ ತಗ್ಗಿಸಲಿಲ್ಲ. “ನಗಿ. ನಿಮ್ಮೆಲ್ಲರ ಮುಖ ಮೊದಲು ಹೇಗಿತ್ತು ಅಂತಾನೂ ನನ್ನ ಕಂಪ್ಯೂಟರಿಗೆ ಗೊತ್ತು. ನನ್ನ ಸ್ಟುಡಿಯೋದಿಂದ ಯಾರನ್ನೂ ಕಲೆ ಸಮೇತ ಹೊರಗೆ ಕಳಿಸಿಲ್ಲ. ಹಕ್ಕಿಗೊಂದು, ನಿಮಗೊಂದು ಅಂತ ಮಾಡೋನಲ್ಲ ನಾನು.”

ನಗುತ್ತಿದ್ದವರ ಬೆರಳು ತಮ್ಮ ತಮ್ಮ ಕೆನ್ನೆಗೆ ಹೋಯಿತು. ಅವನು ನೆಟ್ಟಗೆ ನಡೆದು, ಕೊಟ್ಟ ಮಾತಿನಂತೆ ಚೀಟಿಯನ್ನು ತಾನೇ ಕಿತ್ತು, ಗದ್ದ ಎತ್ತಿಕೊಂಡು ಹೊರನಡೆದ.

ಆ ದಿನ ಅಳಿಸಿಹೋದದ್ದು ಇಷ್ಟು: ಎದೆಯ ಚುಕ್ಕೆ ಹದಿನಾರು, ರೆಕ್ಕೆಯ ಪಟ್ಟೆ ಎರಡು, ಕಣ್ಣಿನ ಕೆಳಗಿನ ಕಪ್ಪು ಒಂದು, ಮೇಷ್ಟ್ರ ಮಚ್ಚೆ ಒಂದು, ಹೆಸರು ಒಂದು.