ರುಚಿ ನೋಡುವವಳ ಕ್ಯಾಲರಿ ಲೆಕ್ಕ

ತೂಕ ಇಳಿಸುವುದಕ್ಕಿಂತ ಹೇಗೆ ಇಳಿಸಬೇಕೆಂದು ತೀರ್ಮಾನಿಸುವುದೇ ಕಷ್ಟ ಎಂದು ನನಗೆ ಐವತ್ತು ದಾಟಿದ ಮೇಲೆ ಗೊತ್ತಾಯಿತು. ಕಕ್ಕಬೆಯ ನಮ್ಮ ಮನೆಯಲ್ಲಿ ಎರಡು ಕೋಣೆಗಳನ್ನು ಹೋಂಸ್ಟೇ ಮಾಡಿದ್ದೇವೆ. ಬಂದವರಿಗೆ ಬೆಟ್ಟ ತೋರಿಸುವುದು, ಮಾತಾಡಿಸುವುದು ನಮ್ಮ ಯಜಮಾನರ ಕೆಲಸ. ಅಡುಗೆ ನನ್ನದು. ಊಟಕ್ಕೆಂದೇ ಮತ್ತೆ ಮತ್ತೆ ಬರುವವರಿದ್ದಾರೆ. ಆ ಊಟ ಹೇಗಿರಬಹುದು ಎಂಬ ಅಂದಾಜು ಬಾಗಿಲು ತುಂಬಿ ನಿಂತ ನನ್ನನ್ನು ನೋಡಿದರೇ ಸಿಕ್ಕಿಬಿಡುತ್ತದೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಮಡಿಕೇರಿಯ ಡಾಕ್ಟರು ನನ್ನ ರಕ್ತಪರೀಕ್ಷೆ ನೋಡಿ, ಸಕ್ಕರೆ ಗಡಿಯಲ್ಲಿದೆ, ತೂಕ ಇಳಿಸಿ, ಇಲ್ಲದಿದ್ದರೆ ಮುಂದಿನ ಸಲ ಮಾತ್ರೆ ಬರೆಯುತ್ತೇನೆ ಎಂದರು. ಕೊನೆಗಾಲದಲ್ಲಿ ಅಮ್ಮನಿಗೆ ದಿನವೂ ಇನ್ಸುಲಿನ್ ಚುಚ್ಚುತ್ತಿದ್ದವಳು ನಾನೇ. ಆ ಸೂಜಿ ನೆನಪಾಗಿ, ಮನೆ ಸೇರುವವರೆಗೂ ಜೀಪಿನಲ್ಲಿ ನೆಟ್ಟಗೆ ಕೂರಲಾಗಲಿಲ್ಲ.

ಮಗಳು ದಿವ್ಯಾ ಮಡಿಕೇರಿಯಲ್ಲಿ ಬ್ಯಾಂಕ್ ಉದ್ಯೋಗಿ. ಆ ಭಾನುವಾರವೇ ಬಂದು ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ತಿಂದದ್ದನ್ನೆಲ್ಲ ಅದರಲ್ಲಿ ಬರೆಯಬೇಕು, ಅದು ಕ್ಯಾಲರಿ ಹೇಳುತ್ತದೆ. ಬುಧವಾರ ಮೂರ್ನಾಡಿನಿಂದ ನಾದಿನಿ ಕಮಲ ಬಂದಳು. ಅವಳು ಶಾಲೆಯಲ್ಲಿ ಆಟದ ಟೀಚರ್. ಹೇಳಿದ್ದನ್ನು ಜನ ಮಾಡಿಯೇ ಮಾಡುತ್ತಾರೆಂಬ ನಂಬಿಕೆ ಅವಳಿಗೆ ಆ ಕೆಲಸದಿಂದಲೇ ಬಂದಿರಬೇಕು. "ಅತ್ತಿಗೆ, ಕ್ಯಾಲರಿ ಎಣಿಸ್ಕೊಂಡು ಕೂತ್ರೆ ಹಸಿವಲ್ಲೇ ಸಾಯ್ತೀರಿ. ಪ್ರೋಟೀನ್ ಎಷ್ಟು ಹೋಯ್ತು, ನಾರು ಎಷ್ಟು ಹೋಯ್ತು, ಅದನ್ನು ನೋಡಿ," ಎಂದಳು.

ಅಂದಿನಿಂದ ನನ್ನ ನೆಮ್ಮದಿ ಹೋಯಿತು. ಬೆಳಿಗ್ಗೆ ಕ್ಯಾಲರಿಯವಳಾಗಿ ಒಂದೇ ಒಂದು ಅಕ್ಕಿರೊಟ್ಟಿ ತಿಂದು ಏಳುತ್ತಿದ್ದೆ. ಹತ್ತು ಗಂಟೆಗೆ ಹಸಿವಾದಾಗ ಪ್ರೋಟೀನಿನವಳಾಗಿ ಮೊಟ್ಟೆ ಬೇಯಿಸುತ್ತಿದ್ದೆ. ಮಧ್ಯಾಹ್ನ ಎರಡೂ ಪಕ್ಷದ ಮಾತು ನೆನಪಾಗಿ ತಟ್ಟೆ ಹಿಡಿದುಕೊಂಡು ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಅಡುಗೆಮನೆಗೆ ಓಡಾಡುತ್ತಿದ್ದೆ. ಆ್ಯಪಿಗೋ ಕಡಂಬುಟ್ಟು ಎಂದರೇನೆಂದು ಗೊತ್ತಿಲ್ಲ. ಅಕ್ಕಿತರಿಯ ಉಂಡೆ, ಹಬೆಯಲ್ಲಿ ಬೇಯಿಸಿದ್ದು ಎಂದು ವಿವರಿಸಿದರೆ ಅದು ಲಾಡು ತೋರಿಸುತ್ತಿತ್ತು. ಸಿಟ್ಟು ಬಂದು ಫೋನನ್ನು ಮೇಜಿನ ಮೇಲೆ ಕುಕ್ಕುತ್ತಿದ್ದೆ, ಮತ್ತೆ ಎತ್ತಿಕೊಳ್ಳುತ್ತಿದ್ದೆ.

ಹೀಗೆ ಹೆಣಗುತ್ತಿರುವಾಗ ಒಂದು ವಿಷಯ ಬೆಳಕಿಗೆ ಬಂತು. ಊಟಕ್ಕೆ ಕೂರುವ ಮೊದಲೇ, ರುಚಿ ನೋಡುವ ಹೆಸರಿನಲ್ಲಿ ನಾನು ಒಂದು ಊಟ ಮುಗಿಸಿರುತ್ತಿದ್ದೆ. ಸಾರಿನ ಉಪ್ಪಿಗೊಂದು ಸೌಟು, ಖಾರಕ್ಕೊಂದು ಸೌಟು, ಹಂದಿಮಾಂಸ ಬೆಂದಿದೆಯೇ ಎಂದು ಎರಡು ತುಂಡು, ಅನುಮಾನವಾದರೆ ಮತ್ತೊಂದು. ಇದನ್ನೆಲ್ಲ ಆ್ಯಪಿಗೆ ಬರೆದ ದಿನ ಅದರ ಅಂಕಿಗಳೆಲ್ಲ ಕೆಂಪಾದವು. ನಾನು ರುಚಿ ನೋಡುವುದನ್ನೇ ಬಿಟ್ಟೆ.

ಆ ಶನಿವಾರ ಬೆಂಗಳೂರಿನಿಂದ ಬಂದ ಒಂದು ಕುಟುಂಬ ಊಟಕ್ಕೆ ಕೂತಿತು. ಮೊದಲ ತುತ್ತಿಗೇ ಎಲ್ಲರೂ ನೀರಿನ ಲೋಟಕ್ಕೆ ಕೈಹಾಕಿದರು. ಅವರೊಳಗಿನ ಹಿರಿಯರೊಬ್ಬರು ಬಹಳ ಮರ್ಯಾದೆಯಿಂದ, ಸ್ವಲ್ಪ ಮೊಸರು ಸಿಗಬಹುದಾ ಎಂದು ಕೇಳಿದರು. ಸಾರಿಗೆ ನಾನು ಎರಡೆರಡು ಸಲ ಉಪ್ಪು ಹಾಕಿದ್ದೆ. ಇಷ್ಟು ವರ್ಷದಲ್ಲಿ ನನ್ನ ಅಡುಗೆ ತಟ್ಟೆಯಲ್ಲಿ ಉಳಿದದ್ದು ಅದೇ ಮೊದಲು. ಒಳಗೆ ಹೋಗಿ ಮೊಟ್ಟೆ ಪಲ್ಯ ಮಾಡುವಾಗ ಕಣ್ಣಲ್ಲಿ ನೀರು ಬಂತು, ತಪ್ಪನ್ನು ಈರುಳ್ಳಿಯ ಮೇಲೆ ಹಾಕಿದೆ.

ಯಜಮಾನರು ಹಿಂದೆಯೇ ಬಂದು ನಿಂತರು. "ಇನ್ನು ಮೇಲೆ ರುಚಿ ನಾ ನೋಡ್ತೆ. ನೀ ಎಂತಕ್ಕೂ ಬೇಜಾರ್ ಮಾಡ್ಬೇಡ," ಎಂದರು. ಇಷ್ಟೊಂದು ತ್ಯಾಗ ಅವರಿಂದ ನಾನು ನಿರೀಕ್ಷಿಸಿರಲಿಲ್ಲ. ಅವತ್ತಿನಿಂದ ಒಲೆಯ ಬಳಿ ಅವರು ಬಟ್ಟಲು ಹಿಡಿದು ನಿಂತರು. ಉಪ್ಪು ಸರಿಯಿದೆ ಎಂದು ಹೇಳುವುದಕ್ಕೆ ಅವರಿಗೆ ಯಾವತ್ತೂ ಒಂದು ಸೌಟು ಸಾಲುತ್ತಿರಲಿಲ್ಲ. ನಾನು ಕಮಲಳ ಮಾತಿನಂತೆ ಮೊಟ್ಟೆ, ಹೆಸರುಕಾಳು, ಸೊಪ್ಪು ತಿಂದೆ, ದಿವ್ಯಾಳ ಮಾತಿನಂತೆ ಕ್ಯಾಲರಿ ಲೆಕ್ಕ ತುಂಬಿದಲ್ಲಿಗೇ ನಿಲ್ಲಿಸಿದೆ. ಯಾವುದು ಸರಿ ಎಂಬ ತೀರ್ಮಾನ ಮಾತ್ರ ಆಗಲೇ ಇಲ್ಲ.

ಮೊನ್ನೆ ಡಾಕ್ಟರಲ್ಲಿಗೆ ಹೋದಾಗ ನನ್ನ ತೂಕ ಇಳಿದಿತ್ತು, ಸಕ್ಕರೆಯೂ ಗಡಿಯಿಂದ ಹಿಂದೆ ಸರಿದಿತ್ತು. ಸದ್ಯಕ್ಕೆ ಮಾತ್ರೆ ಬೇಡ ಎಂದ ಡಾಕ್ಟರು ನನ್ನ ಪಕ್ಕಕ್ಕೆ ನೋಡಿ, ನೀವೂ ಒಮ್ಮೆ ಹತ್ತಿ ಎಂದರು. ಯಜಮಾನರು ತೂಕದ ಯಂತ್ರ ಹತ್ತಿ ಇಳಿದರು. ಮಾತ್ರೆಯ ಎಚ್ಚರಿಕೆ ಈ ಸಲ ಅವರಿಗೆ ಸಿಕ್ಕಿತು.

ವಾಪಸು ಬರುವಾಗ ಜೀಪು ಓಡಿಸುತ್ತಾ ಅವರು, "ಕ್ಯಾಲರಿಯಾ, ಪ್ರೋಟೀನಾ, ಯಾವ್ದು ಒಳ್ಳೇದು?" ಎಂದು ಮೆಲ್ಲಗೆ ಕೇಳಿದರು. ಅಷ್ಟು ದಿನ ಉತ್ತರ ಗೊತ್ತಿಲ್ಲದೆ ಒದ್ದಾಡಿದವಳು ತಟ್ಟನೆ ಶುರು ಮಾಡಿದೆ. ಮನಸ್ಸು ಗಟ್ಟಿ ಇರಬೇಕು, ಬಾಯಿಗೆ ಕಡಿವಾಣ ಇರಬೇಕು, ಎರಡು ದೋಣಿಯಲ್ಲಿ ಕಾಲಿಡಬಾರದು ಎಂದು ಹೇಳುತ್ತಾ ಹೋದೆ. ಅವರು ನಾಪೋಕ್ಲುವಿನಲ್ಲಿ ಜೀಪು ನಿಲ್ಲಿಸಿ ಇಳಿದು, ಒಂದು ಪೊಟ್ಟಣ ಬಿಸಿ ಬಾಳೆಕಾಯಿ ಬಜ್ಜಿ ತಂದು ನಮ್ಮಿಬ್ಬರ ನಡುವೆ ಇಟ್ಟರು. ನಾನು ಉಪದೇಶ ಮುಂದುವರಿಸಿದೆ. ಕಕ್ಕಬೆ ಬರುವಷ್ಟರಲ್ಲಿ ಎರಡೂ ಮುಗಿದಿದ್ದವು.