ಅಡುಗೆ ಕಟ್ಟೆಯಲ್ಲಿ ಕಚೇರಿಯ ಮುದ್ರೆ

ನಮ್ಮ ಕಟ್ಟಡ ಪರವಾನಗಿ ಕಚೇರಿಯ ಹಿತ್ತಾಳೆ ಮುದ್ರೆಯು ಕಳೆದ ವರ್ಷದಿಂದ ಗುಮಾಸ್ತರೊಬ್ಬರ ಅಡುಗೆ ಕಟ್ಟೆಯಲ್ಲಿ, ಒಲೆಗೆ ಎರಡು ಗೇಣು ದೂರದಲ್ಲಿ, ಶಾಶ್ವತವಾಗಿ ನೆಲೆಗೊಂಡಿದೆ ಎಂಬುದನ್ನು ಸಾರ್ವಜನಿಕರ ಗಮನಕ್ಕೆ ತರಲಾಗಿದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಕಚೇರಿಯಲ್ಲಿ ಟಿಪ್ಪಣಿ ಬರೆಯುವವನು ನಾನು. ತಪ್ಪಿಲ್ಲವೆಂದು ಬರೆದವನೂ ನಾನೇ.

ಮುದ್ರೆ ಕಾಯುವ ಗುಮಾಸ್ತರು ನನ್ನ ಪಕ್ಕದ ಮೇಜಿನವರು. ಮುದ್ರೆ ಅವರಿಂದ ಒಂದು ಮಾರು, ಅಂದರೆ ಎರಡೂ ತೋಳು ಚಾಚಿದಷ್ಟು ದೂರಕ್ಕಿಂತ ಆಚೆ ಹೋಗಕೂಡದೆಂದು ನಿಯಮವಿದೆ. ಹಿಂದೊಮ್ಮೆ ಅದು ರಜೆಯ ದಿನ ಮೇಜಿನ ಮೇಲೇ ಉಳಿದು, ಮರುವಾರ ಊರಿನಲ್ಲಿ ಹನ್ನೊಂದು ಹೊಸ ಮಹಡಿಗಳು ಎದ್ದಿದ್ದವು. ಅಂದಿನಿಂದ ಅವರು ಅದನ್ನು ಜೇಬಿನಲ್ಲಿಟ್ಟುಕೊಂಡೇ ಉಣ್ಣುತ್ತಾರೆ, ಮಲಗುತ್ತಾರೆ. ಸ್ನಾನಕ್ಕೆ ಹೋದರೆ ಸೋಪಿನ ಪಕ್ಕ ಇಡುತ್ತಾರೆ.

ಅವರ ಹೆಂಡತಿ, ಅಂದರೆ ನಮ್ಮೆಲ್ಲರ ಅತ್ತಿಗೆ, ಜೀವನದಲ್ಲಿ ಕೇಳಿದ್ದು ಒಂದೇ ಒಂದು: ಒಳ್ಳೆಯ ಅಡುಗೆ ಕಟ್ಟೆ. ಹಳೆಯದು ಬಿರುಕು ಬಿಟ್ಟು, ಹಿಟ್ಟು ಕಲಸಿದರೆ ಕಾಲುಭಾಗ ಬಿರುಕಿನ ಪಾಲಾಗುತ್ತಿತ್ತು. ಒಂಬತ್ತು ವರ್ಷ "ನಾಳೆ ನೋಡೋಣ" ಕೇಳಿದ ಮೇಲೆ ಒಂದು ದಿನ ಅತ್ತಿಗೆ, "ಈ ಭಾನುವಾರ ಕಟ್ಟೆ ಆಗ್ಲಿಲ್ಲಾಂದ್ರೆ ಸೋಮವಾರ ಒಲೆ ಹಚ್ಚಲ್ಲ" ಎಂದರು. ಕಟ್ಟಡ ಇಲಾಖೆಯವರಿಗೆ ಇದಕ್ಕಿಂತ ಸ್ಪಷ್ಟವಾದ ನೋಟಿಸು ನಾನು ಕಂಡಿಲ್ಲ.

ಅಂದವಾದ ಕಾಂಕ್ರೀಟ್ ಕಟ್ಟೆಯನ್ನು ಮನೆಯಲ್ಲೇ ಎರಕ ಹೊಯ್ಯಬಹುದು. ನುಣುಪಾದ ಹಲಗೆಯಿಂದ ಅಚ್ಚು ಮಾಡಬೇಕು. ಎಲ್ಲವೂ ತಲೆಕೆಳಗು: ಅಚ್ಚಿನ ತಳವೇ ನಾಳೆ ಕಟ್ಟೆಯ ಮೇಲ್ಮೈ. ಆದ್ದರಿಂದ ಅಲಂಕಾರವನ್ನು ಮೊದಲೇ ತಳಕ್ಕೆ ಬೋರಲಾಗಿ ಅಂಟಿಸಿ, ಮೇಲೆ ಬಣ್ಣ ಬೆರೆಸಿದ ಕಾಂಕ್ರೀಟು ಸುರಿಯಬೇಕು. ಒಡೆದ ಬಳೆ ಚೂರು, ಹಿತ್ತಾಳೆ ಗುಂಡಿಗಳಿಂದ ಅತ್ತಿಗೆ ಒಂದು ದೊಡ್ಡ ಹೂವಿನ ಚಿತ್ತಾರ ಹಾಕಿದರು. ನಡುವೆ ಅಂಟು ಬಳಿದು, "ರೀ, ಇಲ್ಲಿ ದುಂಡಗಿರೋದು ಏನಾದ್ರೂ ಒತ್ತಿ" ಎಂದು ಕಾಂಕ್ರೀಟು ಕಲಸಲು ಹೋದರು.

ತೋರಿಸಿದ ಜಾಗದಲ್ಲಿ ಓದದೆ, ನೋಡದೆ ಒತ್ತುವುದು ಗುಮಾಸ್ತರ ಇಪ್ಪತ್ತು ವರ್ಷದ ಸೇವೆ. ಕೈ ತಾನಾಗಿ ಜೇಬಿಗೆ ಹೋಯಿತು, ಮುದ್ರೆ ತೆಗೆದು ಒತ್ತಿತು, ಅಂಟಿನಲ್ಲೇ ಬಿಟ್ಟು ಬಂತು. ಒತ್ತಿದ ಮೇಲೆ ನೋಡುವ ಪದ್ಧತಿ ನಮ್ಮಲ್ಲಿಲ್ಲ.

ಸೋಮವಾರ ಕಚೇರಿಯಲ್ಲಿ ಜೇಬು ಮುಟ್ಟಿಕೊಂಡಾಗ ಅವರ ಮುಖ ಸುಣ್ಣವಾಯಿತು. ಮನೆಗೆ ಓಡಿದರು. ಅತ್ತಿಗೆ ಒದ್ದೆ ಗೋಣಿ ಹೊದಿಸಿ ಅಚ್ಚಿಗೆ ಅಡ್ಡ ನಿಂತಿದ್ದರು. "ಏಳು ದಿನ ಮುಟ್ಟೋ ಹಾಗಿಲ್ಲ. ನಿಮ್ಮ ಸೀಲು ಒಳಗೇ ಭದ್ರವಾಗಿರತ್ತೆ." ಹೀಗೆ ಏಳು ದಿನ ನಮ್ಮ ಕಚೇರಿಯಿಂದ ಒಂದು ಪರವಾನಗಿಯೂ ಹೊರಬೀಳಲಿಲ್ಲ. ಇದು ಯಾರ ಗಮನಕ್ಕೂ ಬರಲಿಲ್ಲ.

ಎಂಟನೆಯ ದಿನ ನಾಲ್ಕು ಜನ ಸೇರಿ ಕಟ್ಟೆಯನ್ನು ಮಗುಚಿ ಕೂರಿಸಿದೆವು. ನೀರು ಹಾಕುತ್ತಾ ಉಜ್ಜಿದಂತೆ ಬಳೆ ಚೂರುಗಳು ಮಿನುಗಿದವು. ಹೂವಿನ ನಡುವೆ, ಕೂದಲೆಳೆಯಷ್ಟು ಮೇಲೆದ್ದು, ನಮ್ಮ ಕಚೇರಿಯ ಹೆಸರು ತಿರುಗುಮುರುಗಾಗಿ ಹೊಳೆಯುತ್ತಿತ್ತು. ಅತ್ತಿಗೆ ಅಂಗೈಯಿಂದ ಕಟ್ಟೆಯನ್ನು ಸವರಿದರು. ನಿಜ ಹೇಳಬೇಕೆಂದರೆ, ಅಷ್ಟು ಚೆಂದದ ವಸ್ತು ನಮ್ಮ ಇಲಾಖೆಯವರ ಕೈಯಿಂದ ಹಿಂದೆಂದೂ ಆಗಿರಲಿಲ್ಲ.

ಹೊಸ ಮುದ್ರೆ ತರಿಸೋಣವೆಂದರೆ, ಹಳೆಯದು ಕಳೆದಿದೆ ಎಂಬ ಪತ್ರಕ್ಕೆ ಕಚೇರಿಯ ಮುದ್ರೆ ಬೇಕು. ಮುದ್ರೆ ಒತ್ತಿದರೆ ಕಳೆದಿಲ್ಲ ಎಂದಾಗುತ್ತದೆ. ಸಾಹೇಬರು ಎರಡು ದಿನ ತಲೆ ಮೇಲೆ ಕೈ ಹೊತ್ತು ಕೂತು, ಮೂರನೆಯ ದಿನ ಆದೇಶ ಬರೆಸಿದರು: "ಸದರಿ ಕಟ್ಟೆಯನ್ನು ಒಡೆದು ಮುದ್ರೆಯನ್ನು ವಶಪಡಿಸಿಕೊಂಡು, ಮುದ್ರೆ ಸಹಿತ ವರದಿ ಸಲ್ಲಿಸತಕ್ಕದ್ದು."

ಆದೇಶಕ್ಕೂ ಮುದ್ರೆ ಬೇಕಲ್ಲ. ಸಾಹೇಬರು, ಸುತ್ತಿಗೆ ಹಿಡಿದ ಗಾರೆ ಮೇಸ್ತ್ರಿ, ಕಡತ ಹಿಡಿದ ನಾನು, ಎಲ್ಲರೂ ಅತ್ತಿಗೆಯ ಅಡುಗೆಮನೆಗೆ ಹೋದೆವು. ಗುಮಾಸ್ತರು ಫ್ರಿಜ್ಜಿನ ಹಿಂದೆ ನಿಂತರು.

"ಒತ್ತಿ ಕೊಡಮ್ಮ" ಎಂದರು ಸಾಹೇಬರು.

ಅತ್ತಿಗೆಯ ಕಣ್ಣು ತುಂಬಿತ್ತು. ಒಂಬತ್ತು ವರ್ಷ ಕಾದದ್ದು ಒಂಬತ್ತು ದಿನ ಉಳಿಯಲಿಲ್ಲವಲ್ಲ. ಅವರು ಮುದ್ರೆಗೆ ಶಾಯಿ ಬಳಿದು, ಆದೇಶವನ್ನು ಬೋರಲು ಹಾಕಿ, ಮೇಲೆ ಲಟ್ಟಣಿಗೆ ಆಡಿಸಿದರು. ಅಚ್ಚು ಅಚ್ಚುಕಟ್ಟಾಗಿ ಮೂಡಿತು. ಆಮೇಲೆ ಅವರು ಒಂದು ಕೆಲಸ ಮಾಡಿದರು, ನಮ್ಮ ಕಚೇರಿಯಲ್ಲಿ ಯಾರೂ ಮಾಡದ್ದು: ಒತ್ತಿದ ಕಾಗದವನ್ನು ಓದಿದರು.

"ಸಾಹೇಬ್ರೇ, ಒಡೆಯುವಾಗ ಸೀಲು ಸೀಳಿಹೋದ್ರೆ, ವರದಿಗೆ ಯಾವ ಸೀಲು ಒತ್ತುತ್ತೀರಿ?"

ಸಾಹೇಬರು ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ಕಟ್ಟೆಯನ್ನು ಬೆರಳಿಂದ ತಟ್ಟಿ, "ಮಾಲು ಗಟ್ಟಿ ಇದೆ ಸಾರ್. ನಾನಂತೂ ಗ್ಯಾರಂಟಿ ಕೊಡಲ್ಲ" ಎಂದು ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಸಾಹೇಬರು ಒಂದು ಲೋಟ ನೀರು ಕುಡಿದು ನನಗೆ ಹೇಳಿದರು: "ಬರ್ಕೋ. ಮುದ್ರೆ ಎಲ್ಲಿದೆಯೋ ಅದೇ ಕಚೇರಿ."

ಪ್ರಕಟಣೆ ಹೊರಬಿತ್ತು. ಪರವಾನಗಿ ಬಯಸುವವರು ಚಪ್ಪಲಿ ಹೊರಗೆ ಬಿಡತಕ್ಕದ್ದು. ಕೈ ತೊಳೆದೇ ಅರ್ಜಿ ಮುಟ್ಟತಕ್ಕದ್ದು. ಹಾಲು ಉಕ್ಕುವ ವೇಳೆಯಲ್ಲಿ ಮುದ್ರೆ ಕೇಳಕೂಡದು. ಒಂದು ಮಾರಿನ ನಿಯಮದಂತೆ ಗುಮಾಸ್ತರಿಗೆ ಸಿಂಕಿನ ಪಕ್ಕ ಕುರ್ಚಿ ಹಾಕಲಾಯಿತು. ಅತ್ತಿಗೆಯನ್ನು ಪ್ರಭಾರ ಮುದ್ರಾಧಿಕಾರಿಯಾಗಿ ನೇಮಿಸಲಾಯಿತು, ಏಕೆಂದರೆ ಲಟ್ಟಣಿಗೆ ಹದವಾಗಿ ಒತ್ತಲು ಇಲಾಖೆಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

ಮೊದಲ ವಾರವೇ ಕಚೇರಿ ಬಾಗಿಲ ದಲ್ಲಾಳಿ ಕಟ್ಟೆಯ ಮೇಲೆ ಮೆಲ್ಲಗೆ ಒಂದು ಲಕೋಟೆ ಸರಿಸಿದ. ಅತ್ತಿಗೆ ಅದನ್ನೆತ್ತಿ, "ಇದ್ಯಾರ್ದಪ್ಪಾ? ಬೀಳಿಸ್ಕೊಂಡಿದ್ದೀರಿ!" ಎಂದು ಗೇಟಿನವರೆಗೂ ಕೇಳುವಂತೆ ಕೂಗಿದರು. ಯಾರದೂ ಅಲ್ಲವೆಂದಾಯಿತು, ದಲ್ಲಾಳಿಯೇ ಎಲ್ಲರಿಗಿಂತ ಜೋರಾಗಿ ಅಲ್ಲವೆಂದ. ಈಗ ಆತ ಬೆಳ್ಳುಳ್ಳಿ ಸುಲಿದು ಕೊಡುತ್ತಾನೆ. ಕೆಲಸ ಚೊಕ್ಕ. ನಲವತ್ತು ದಿನದ ಪರವಾನಗಿ ನಲವತ್ತು ನಿಮಿಷಕ್ಕಿಳಿಯಿತು. ಇಷ್ಟು ಬೇಗ ಏಕೆ ಎಂದು ಮೇಲಿನವರು ವಿವರಣೆ ಕೇಳಿದ್ದಾರೆ; ಕಟ್ಟೆ ನಯವಾಗಿದೆ ಎಂದು ನಾನು ಉತ್ತರ ಬರೆದಿದ್ದೇನೆ.

ಒಂದೇ ತೊಡಕು. ಹತ್ತರಿಂದ ಐದರವರೆಗೆ ಕಟ್ಟೆ ಸರ್ಕಾರದ್ದು. ಆದ್ದರಿಂದ ಹಿಟ್ಟು ಕಲಸಬೇಕೆನಿಸಿದಾಗ ಅತ್ತಿಗೆ ಅರ್ಜಿ ಬರೆದು, ತಾವೇ ಸ್ವೀಕರಿಸಿ, ತಾವೇ ಪರಿಶೀಲಿಸಿ, ತಾವೇ ಮುದ್ರೆ ಒತ್ತಿ ಮಂಜೂರು ಮಾಡಿಕೊಳ್ಳುತ್ತಾರೆ. ಇದುವರೆಗೆ ಒಂದೂ ತಿರಸ್ಕೃತವಾಗಿಲ್ಲ.

ನಿನ್ನೆ ಮೂರು ಗಂಟೆಗೆ ಗುಮಾಸ್ತರು ಸಿಂಕಿನ ಪಕ್ಕದಿಂದ ಚಹಾ ಬೇಕೆಂದು ಅರ್ಜಿ ಕೊಟ್ಟರು. ಅತ್ತಿಗೆ ಕನ್ನಡಕ ಏರಿಸಿ ನೋಡಿ, "ಸಕ್ಕರೆ ಎಷ್ಟು ಅಂತ ನಮೂದಿಸಿಲ್ಲ. ತಿದ್ದಿ, ಸರದಿಯಲ್ಲಿ ಬನ್ನಿ" ಎಂದು ಮರಳಿಸಿದರು. ಗುಮಾಸ್ತರು ತಿದ್ದಿಕೊಂಡು, ತೋಳು ಚಾಚಿ ಕಟ್ಟೆಯ ಅಂಚು ಹಿಡಿದೇ, ಸರದಿಯ ಕೊನೆಯವರ ಹಿಂದೆ ನಿಂತರು. ಮುಂದೆ ನಿಂತವರು ತಿರುಗಿ ನೋಡಿ ಸಮಾಧಾನ ಹೇಳಿದರು:

"ಯೋಚ್ನೆ ಮಾಡ್ಬೇಡಿ ಸಾರ್. ಈ ಕಚೇರೀಲಿ ಬೇಗ ಆಗತ್ತೆ."