ವಿಭೂತಿ ಇಟ್ಟುಕೊಂಡ ವಿಶೇಷ ಸಂಚಿಕೆಗಳು

“ಅಟ್ಟದ ಮೇಲಿರೋ ಪೇಪರ್ ಕಟ್ಟಿಗೆ ಬೆಲೆ ಕಟ್ಟಿಸ್ದೆ ಇದ್ರೆ ನನ್ನ ಹೆಸರು ಉಮಾಮಹೇಶ್ವರಿನೇ ಅಲ್ಲ ಕಣೇ ರೂಪಾ” ಎಂದು ಉಮಾಮಹೇಶ್ವರಮ್ಮ ಶಪಥ ಮಾಡಿದಾಗ, ಕ್ಯಾತ್ಸಂದ್ರದ ಆ ಮನೆಯ ಕುಕ್ಕರ್ ಕೂಡ ಕೂಗುವುದನ್ನು ಒಂದು ಗಳಿಗೆ ನಿಲ್ಲಿಸಿತು. ಸೊಸೆ ರೂಪಶ್ರೀ ಮಾತ್ರ ನಿಲ್ಲಿಸಲಿಲ್ಲ.

“ಹೆಸರು ಬದಲಾಯಿಸಿದ್ರೆ ಆಧಾರ್ ಕಾರ್ಡಿಗೆ ಓಡಾಡೋಳು ನಾನೇ ಅತ್ತೆ. ಬೆಲೆ ಇದೆ ಅಂತ ತಿಳಿದೋರು ಹೇಳಿದ್ರೆ ಅಟ್ಟ ನಿಮ್ದು. ಇಲ್ಲ ಅಂದ್ರೆ ಕಟ್ಟು ರದ್ದಿಯೋನಿಗೆ, ಅಟ್ಟ ನಂದು. ಬೆಲೆ ಇಲ್ದಿರೋದು ಇನ್ಮೇಲೆ ಅಟ್ಟ ಹತ್ತಂಗಿಲ್ಲ.”

ಆ ಕಟ್ಟು ಅಂತಿಂಥದ್ದಲ್ಲ. ತೀರಿಹೋದ ಯಜಮಾನರು ಚನ್ನವೀರಯ್ಯ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಪೇಪರ್ ಏಜೆಂಟರಾಗಿದ್ದವರು. ಸ್ವಾತಂತ್ರ್ಯದ ಬೆಳ್ಳಿಹಬ್ಬ, ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟ ದಿನ, ಹೀಗೆ ದೊಡ್ಡ ದಿನಗಳ ವಿಶೇಷ ಸಂಚಿಕೆಗಳಲ್ಲಿ ಒಂದೊಂದು ಪ್ರತಿ ಮನೆಗೆ ತರುತ್ತಿದ್ದರು. ಬಸ್ಸಿನ ಗಾಳಿಗೆ ಪುರವಣಿ ಹಾರಿಹೋಗಿ ಗಿರಾಕಿಗಳಿಂದ ಬೈಸಿಕೊಂಡ ಅನುಭವ ದಂಪತಿಗಳಿಗೆ ಧಾರಾಳವಾಗಿತ್ತು. ಆದ್ದರಿಂದ ಮನೆಗೆ ಬಂದ ಪ್ರತಿಯೊಳಗೆ ಪುರವಣಿ ಸೇರಿಸಿ, ಪುಟ ಎಣಿಸಿ, ಬೆನ್ನಿಗೆ ದಪ್ಪ ದಾರದ ಹೊಲಿಗೆ ಹಾಕುವುದು ಉಮಾಮಹೇಶ್ವರಮ್ಮನ ಕೆಲಸ. ಅಕ್ಷರ ಕೂಡಿಸಿ ಕೂಡಿಸಿ ಓದುವ ಆಕೆ ಎಣಿಕೆಯಲ್ಲಿ ಮಾತ್ರ ಒಂದು ಹಾಳೆಯನ್ನೂ ತಪ್ಪಿದವರಲ್ಲ.

ಹಳೇ ನಾಣ್ಯ, ಅಂಚೆಚೀಟಿ, ಪತ್ರಿಕೆಗಳಿಗೆ ಬೆಲೆ ಹೇಳುವ ತುಮಕೂರಿನ ಕನಕರಾಜು ಭಾನುವಾರ ಬರುವುದೆಂದಾಯಿತು. ಬೆಲೆ ಬಾಳುವ ವಸ್ತುವನ್ನು ಬೋಳು ಹಣೆಯಲ್ಲಿ ಹೊರಗಿನವರ ಮುಂದಿಡುವುದುಂಟೇ? ಆಯುಧಪೂಜೆಯ ದಿನ ಮಗನ ಸ್ಕೂಟರಿಗೂ ವಿಭೂತಿ ಬೀಳುವ ಮನೆ ಅದು! ಉಮಾಮಹೇಶ್ವರಮ್ಮ ಶನಿವಾರವೇ ವಿಭೂತಿ ಕಲಸಿ, ಒಂದೊಂದು ಪೇಪರಿನ ಹಣೆಗೂ ಮೂರು ಬೆರಳಿನಿಂದ ಮೂರು ಪಟ್ಟೆ ಎಳೆದರು. ಒದ್ದೆಗೆ ಪೇಪರು ಹಪ್ಪಳದಂತೆ ಸುಕ್ಕುಗಟ್ಟಿತು. ಸುಕ್ಕು ಬಿಡಿಸಲು ಇಸ್ತ್ರಿಪೆಟ್ಟಿಗೆ ಬಂತು. ಒಣಗಿದ ಮೇಲೆ ಕೊಡವಿದರೆ ಉದುರಿಹೋಗುತ್ತಿದ್ದ ವಿಭೂತಿ ಈಗ ಕಾಗದದೊಳಗೇ ಬೆಂದು, ಯಾವ ಕಾಲಕ್ಕೂ ಅಳಿಯದಂತೆ ನೆಲೆಸಿತು. ಬೆಳ್ಳಿಹಬ್ಬದ ಸಂಚಿಕೆಯ ಮೇಲಂತೂ ಇಸ್ತ್ರಿಪೆಟ್ಟಿಗೆಯ ಮೂತಿ ಕಂದುಬಣ್ಣದಲ್ಲಿ ಮೂಡಿ, ಅದೂ ಒಂದು ವಿಶೇಷ ಚಿತ್ರವಾಗಿಬಿಟ್ಟಿತು.

ಕನಕರಾಜು ಭೂತಗನ್ನಡಿ ಹಿಡಿದು ಬಗ್ಗಿದವರು ಬಗ್ಗಿದಂತೆಯೇ ಕೇಳಿದರು.

“ಅಜ್ಜಿ, ಪೇಪರಿಗೆ ದೀಕ್ಷೆ ಕೊಟ್ಟೋರು ಯಾರು?”

“ನಾನೇ ಕಣಪ್ಪ. ಬೆಲೆ ಬಾಳೋ ವಸ್ತು ಅಲ್ವಾ?”

“ಬಾಳ್ತಿತ್ತು. ವಿಭೂತಿಗೆ ಅರ್ಧ ಬೆಲೆ ಹೋಯ್ತು. ಇಸ್ತ್ರಿಗೆ ಉಳಿದಿದ್ರಲ್ಲಿ ಅರ್ಧ. ಇದೇನು, ಬೆನ್ನಿಗೆ ಹೊಲಿಗೆ ಬೇರೆ ಹಾಕಿದೀರಾ?”

“ನಾನೇ ಹಾಕ್ದೆ. ಒಂದು ಪೇಪರಿಗೆ ಹನ್ನೊಂದು ಹೊಲಿಗೆ. ಲೆಕ್ಕ ಬೇಕಾದ್ರೆ ನೋಡ್ಕೋ.”

“ಇಪ್ಪತ್ತೆರಡು ತೂತು” ಎಂದು ಕನಕರಾಜು ನಿಟ್ಟುಸಿರಿಟ್ಟರು. “ಅಲ್ದೆ ಈ ದೊಡ್ಡ ಪತ್ರಿಕೆಗಳನ್ನ ಸಾವಿರಾರು ಜನ ಎತ್ತಿಟ್ಟವ್ರೆ ಅಜ್ಜಿ. ಇದಕ್ಕೆಲ್ಲ ಏನೂ ಹೇಳಕ್ಕಾಗಲ್ಲ.”

ರೂಪಶ್ರೀ ಸದ್ದಿಲ್ಲದೆ ಫೋನಿನಲ್ಲಿ ರದ್ದಿಯವನ ನಂಬರ್ ಹುಡುಕತೊಡಗಿದಳು. ಉಮಾಮಹೇಶ್ವರಮ್ಮನ ಕಣ್ಣು ಅಟ್ಟದ ಕಡೆ ಹೋಗಿ, ಬಂಧುವನ್ನು ಬಸ್ಸು ಹತ್ತಿಸಿದಂತೆ ಹಿಂದಿರುಗಿತು.

ಕಟ್ಟಿನ ಅಡಿಯಲ್ಲಿ ಉಳಿದಿದ್ದು ಒಂದೇ. ಯಾವತ್ತೋ ನಿಂತುಹೋದ, ತುಮಕೂರಿನದೇ ಒಂದು ಪುಟ್ಟ ಪತ್ರಿಕೆ. ನಾಡಿಗೆ ಹೆಸರಿಟ್ಟ ದಿನದ ಸಂಚಿಕೆ. ಕನಕರಾಜು ಮನಸ್ಸಿಲ್ಲದೆ ಮಗುಚಿದರು. ಒಳಗೆ ಎಂಟು ಪುಟದ ಪುರವಣಿ. ಕುಣಿಗಲ್ಲಿನ ಸೈಕಲ್ ಅಂಗಡಿಯ ಶುಭಾಶಯ, ಹುಲಿಯೂರುದುರ್ಗದ ಎಣ್ಣೆ ಗಾಣದ ಶುಭಾಶಯ. ಕನಕರಾಜು ಭೂತಗನ್ನಡಿ ಒರೆಸಿಕೊಂಡು ಇನ್ನೊಮ್ಮೆ ಬಗ್ಗಿದರು.

“ಅಜ್ಜಿ, ಈ ಪೇಪರು ನಾನು ನೋಡಿರೋದು ಎರಡೇ. ಎರಡ್ರಲ್ಲೂ ಪುರವಣಿ ಇಲ್ಲ. ಹೊಲಿದಿದ್ದಕ್ಕೆ ಉಳಿದದೆ!”

“ಮತ್ತೆ ತೂತು?”

“ತೂತಿಗೆ ಕೈ ಮುಗೀಬೇಕು. ಆರು ಸಾವಿರ ಕೊಡ್ತೀನಿ. ವಿಭೂತಿ ಸಮೇತ.”

ಉಮಾಮಹೇಶ್ವರಮ್ಮ ಸೆರಗು ಕೊಡವಿ ಎದ್ದು ನಿಂತರು. ದಂಡು ಗೆದ್ದ ರಾಣಿಯೂ ಹಾಗೆ ನಿಂತಿರಲಾರಳು.

“ಬೆಲೆ ಹೇಳಕ್ಕೆ ಕರ್ಸಿದ್ದು ಕಣಪ್ಪ, ಕೊಡಕ್ಕಲ್ಲ. ಕಾಫಿ ಕುಡಿ. ಏನೇ ರೂಪಾ, ಅಟ್ಟ ಯಾರ್ದು?”

“ನಿಮ್ದೇ ಅತ್ತೆ” ಎಂದು ರೂಪಶ್ರೀ ಸೋಲೊಪ್ಪಿ ಫೋನು ಕೆಳಗಿಟ್ಟಳು.

“ಅಟ್ಟ?” ಕನಕರಾಜು ಲೋಟ ಅರ್ಧಕ್ಕೇ ಇಳಿಸಿದರು. “ಅಲ್ಲೆಲ್ಲಾದ್ರೂ ಮತ್ತೆ ಇಟ್ಟೀರಿ. ಛಾವಣಿ ಶೀಟಿನ ಬಿಸಿಗೆ ಇನ್ನೆರಡು ಬೇಸಿಗೇಲಿ ಪುಡಿ ಆಗ್ತದೆ. ತಣ್ಣಗಿರೋ ಬೀರುನಲ್ಲಿ ಅಂಗಾತ ಮಲಗಿಸ್ಬೇಕು. ಮೇಲೆ ಒಂದು ಕರ್ಚೀಫೂ ಇಡಂಗಿಲ್ಲ.”

ಆ ಮನೆಯಲ್ಲಿ ತಣ್ಣಗಿನ ಗೋಡೆಗೆ ಒರಗಿದ ಬೀರು ಒಂದೇ. ಉಮಾಮಹೇಶ್ವರಮ್ಮನದು. ಸಂಜೆಯ ಹೊತ್ತಿಗೆ ಅದರ ನಡುವಿನ ಅರೆಯಲ್ಲಿ ಎಂಟು ಪುಟದ ಪುರವಣಿ ಹೊಟ್ಟೆಯಲ್ಲಿಟ್ಟುಕೊಂಡು ಪೇಪರು ಸುಖವಾಗಿ ಮಲಗಿತ್ತು. ಹೊರಬಿದ್ದ ಹದಿನಾಲ್ಕು ಸೀರೆಗಳನ್ನು ಎದೆಗವಚಿಕೊಂಡು ಉಮಾಮಹೇಶ್ವರಮ್ಮ ಅಟ್ಟದ ಏಣಿಯ ಬುಡಕ್ಕೆ ಬಂದರು. ಬೆಲೆಯಿಲ್ಲದ ಉಳಿದ ಪೇಪರುಗಳು ಕರಾರಿನಂತೆ ಕೆಳಗೇ ಉಳಿದು ಅಟ್ಟ ಖಾಲಿಯಾಗಿತ್ತು; ಮೇಲೆ ರೂಪಶ್ರೀ ಆಗಲೇ ಮಿಕ್ಸಿ ಡಬ್ಬ, ಹಬ್ಬದ ಪಾತ್ರೆ ಜೋಡಿಸುತ್ತಿದ್ದಳು.

“ರೂಪಾ, ಒಂದು ಮೂಲೇಲಿ ಈ ಸೀರೆ ಇಡೇ ತಾಯಿ.”

ರೂಪಶ್ರೀ ಬಗ್ಗಿ ನೋಡಿ ಕೇಳಿದಳು. “ಬೆಲೆ ಕಟ್ಟಿಸಿದೀರಾ ಅತ್ತೆ?”